ಹಳೆಯ ಅರಿವೆ, ಹೊಸ ಹೆಸರು

'ಅನ್‌ರಾವೆಲ್' ಎಂಬ ಸಾಕ್ಷ್ಯಚಿತ್ರ ಬಂದದ್ದು 2012ರಲ್ಲಿ. ನಿರ್ದೇಶಕಿ ಮೇಘನಾ ಗುಪ್ತಾ. ಕಾಲು ಗಂಟೆಯೊಳಗೆ ಮುಗಿದುಹೋಗುವ ಚಿತ್ರ. ಪಶ್ಚಿಮದ ದೇಶಗಳ ಜನ ತೊಟ್ಟು ಬಿಟ್ಟ ಬಟ್ಟೆಗಳು ಹಡಗು ಹತ್ತಿ ನಮ್ಮ ದೇಶಕ್ಕೆ ಬರುತ್ತವೆ. ಹರಿಯಾಣದ ಪಾಣಿಪತ್ ಸೇರಿ, ಅಲ್ಲಿ ಹರಿದು ಚಿಂದಿಯಾಗಿ, ಚಿಂದಿ ಮತ್ತೆ ನೂಲಾಗಿ, ನೂಲು ಕಂಬಳಿಯಾಗುತ್ತದೆ. ಚಿತ್ರದ ಕಥೆ ಇಷ್ಟೇ. ಅದನ್ನು ಹೇಳುವವರು ತಜ್ಞರಲ್ಲ, ಅಧಿಕಾರಿಗಳೂ ಅಲ್ಲ. ಆ ಬಟ್ಟೆಗಳ ಗುಂಡಿ ಕಿತ್ತು, ಜಿಪ್ಪು ಕತ್ತರಿಸಿ, ಕೆಂಪನ್ನು ಕೆಂಪಿನ ರಾಶಿಗೆ, ನೀಲಿಯನ್ನು ನೀಲಿಯ ರಾಶಿಗೆ ಎಸೆಯುವ ಹೆಣ್ಣುಮಕ್ಕಳು.

ಈ ಹೆಣ್ಣುಮಕ್ಕಳಿಗೆ ಒಂದು ಒಗಟು ಬಿಡಿಸಬೇಕಾಗಿದೆ. ಕೈಗೆ ಬರುವ ಬಟ್ಟೆಗಳಲ್ಲಿ ಎಷ್ಟೋ ಹೊಸದರಂತೆಯೇ ಇವೆ. ಹರಿದಿಲ್ಲ, ಬಣ್ಣ ಬಿಟ್ಟಿಲ್ಲ. ಹಾಗಾದರೆ ಇವನ್ನು ಎಸೆದವರು ಯಾಕೆ ಎಸೆದರು? ಅವರಲ್ಲಿ ಹಬ್ಬಿರುವ ಒಂದು ಊಹೆ ಹೀಗಿದೆ: ಆ ದೇಶಗಳಲ್ಲಿ ನೀರು ಬಹಳ ತುಟ್ಟಿ ಇರಬೇಕು, ಬಟ್ಟೆ ಒಗೆಯುವ ಖರ್ಚಿಗಿಂತ ಹೊಸದನ್ನು ಕೊಳ್ಳುವುದೇ ಅಗ್ಗ ಆಗಿರಬೇಕು. ಅದಕ್ಕೇ ನಾಲ್ಕು ಸಲ ತೊಟ್ಟು ಬಿಟ್ಟುಬಿಡುತ್ತಾರೆ.

ಈ ಮಾತು ಕೇಳಿ ನೋಡುವವರಿಗೆ ನಗು ಬರುತ್ತದೆ. ಆದರೆ ಸ್ವಲ್ಪ ನಿಂತು ಯೋಚಿಸಿದರೆ ನಗು ಅಲ್ಲಿಯೇ ತಡೆಯುತ್ತದೆ. ಗಣಿತ ಕಲಿಸುವಾಗ ನಾವು ಮಕ್ಕಳಿಗೆ ಹೇಳುವುದುಂಟು, ಉತ್ತರ ತಪ್ಪಿದ್ದರೂ ರೀತಿ ಸರಿಯಿದ್ದರೆ ಅಂಕ ಕೊಡುತ್ತೇವೆ ಎಂದು. ಇಲ್ಲಿ ರೀತಿ ಸರಿಯಾಗಿದೆ. ವಿವೇಕವುಳ್ಳ ಮನುಷ್ಯರು ಒಳ್ಳೆಯ ಬಟ್ಟೆಯನ್ನು ಸುಮ್ಮನೆ ಎಸೆಯಲಾರರು, ಎಸೆದಿದ್ದರೆ ಅದಕ್ಕೊಂದು ಕಷ್ಟದ ಕಾರಣ ಇದ್ದೇ ಇರಬೇಕು ಎಂದು ಅವರು ಹಿಡಿದುಕೊಂಡರು. ಉತ್ತರ ತಪ್ಪಿದ್ದು ಎಲ್ಲಿ ಎಂದರೆ, ಎಸೆದವರಿಗೆ ವಿವೇಕವಿದೆ ಎಂದು ನಂಬಿದ್ದರಲ್ಲಿ. ಈ ಚಿತ್ರದ ದೊಡ್ಡ ಗುಣವೇ ಇದು. ನೋಡುವವರ ಜಾಗವನ್ನು ಅದು ಅದಲು ಬದಲು ಮಾಡಿಬಿಡುತ್ತದೆ. ಸಾಮಾನ್ಯವಾಗಿ ಅವರು ನಮ್ಮನ್ನು ನೋಡಿ ವರದಿ ಬರೆಯುತ್ತಾರೆ. ಇಲ್ಲಿ ನಮ್ಮ ಹೆಣ್ಣುಮಕ್ಕಳು ಅವರ ಬಟ್ಟೆ ನೋಡಿ ಅವರ ಮೈ, ಮನೆ, ಮನಸ್ಸುಗಳನ್ನು ಊಹಿಸುತ್ತಾರೆ.

ಪಾಣಿಪತ್ತಿನಲ್ಲಿ ನಡೆಯುವ ಈ ಕೆಲಸ ಹೊಸದಲ್ಲ. ಹಳೆಯ ಉಣ್ಣೆ ಬಟ್ಟೆಯನ್ನು ಸಿಗಿದು, ಅದರ ಎಳೆಗೆ ಸ್ವಲ್ಪ ಹೊಸ ಉಣ್ಣೆ ಸೇರಿಸಿ ಮತ್ತೆ ನೂಲುವ ವಿಧಾನ 1813ರಷ್ಟು ಹಿಂದೆ ಇಂಗ್ಲೆಂಡಿನ ಯಾರ್ಕ್‌ಷೈರಿನ ಬ್ಯಾಟ್ಲಿ ಎಂಬ ಊರಿನಲ್ಲಿ ಆರಂಭವಾಯಿತು. ಬೆಂಜಮಿನ್ ಲಾ ಎಂಬಾತ ಅದರ ಮೂಲಪುರುಷ. ಆ ಬಟ್ಟೆಗೆ 'ಶಾಡಿ' ಎಂದು ಹೆಸರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ ಸೈನಿಕರಿಗೆ ಅವಸರದಲ್ಲಿ ಹೊಲಿಸಿಕೊಟ್ಟ ಇಂಥ ಬಟ್ಟೆಗಳು ಮಳೆಗೆ ಬಿಚ್ಚಿಹೋದವು. ಆಮೇಲೆ ಇಂಗ್ಲಿಷಿನಲ್ಲಿ 'ಶಾಡಿ' ಎಂದರೆ ಕಳಪೆ ಎಂದೇ ಅರ್ಥವಾಯಿತು. ಬ್ಯಾಟ್ಲಿಯ ಗಿರಣಿಗಳು ಮುಚ್ಚಿದವು; ಕೆಲಸ ಪಾಣಿಪತ್ತಿಗೆ ಬಂತು. ಭೂಕಂಪ, ಪ್ರವಾಹ, ಯುದ್ಧಗಳು ನಡೆದಲ್ಲೆಲ್ಲ ಸಂತ್ರಸ್ತರಿಗೆ ಹಂಚುವ ಬೂದುಬಣ್ಣದ ಅಗ್ಗದ ಕಂಬಳಿಗಳಲ್ಲಿ ಬಹಳಷ್ಟು ಇಲ್ಲಿಯವೇ. ಈಚಿನ ವರ್ಷಗಳಲ್ಲಿ ಪಾಲಿಯೆಸ್ಟರಿನ ಮೆತ್ತನೆ ಕಂಬಳಿಗಳು ಬಂದು ಈ ಉಣ್ಣೆ ಕಂಬಳಿಯ ಬೇಡಿಕೆಯನ್ನು ತಗ್ಗಿಸಿವೆ.

ಬಟ್ಟೆಯನ್ನು ಹಾಗೆಯೇ ಯಾಕೆ ಮಾರಬಾರದು, ಹರಿಯುವುದೇಕೆ ಎಂದು ಕೇಳಬಹುದು. ನಮ್ಮ ದೇಶದಲ್ಲಿ ತೊಟ್ಟ ಬಟ್ಟೆಯನ್ನು ಇಡಿಯಾಗಿ ಆಮದು ಮಾಡಿಕೊಳ್ಳುವುದಕ್ಕೆ ನಿರ್ಬಂಧವಿದೆ, ಪರವಾನಗಿ ಬೇಕು. ಕತ್ತರಿಸಿ ಚಿಂದಿ ಮಾಡಿದ್ದನ್ನು ಮಾತ್ರ ಸುಲಭವಾಗಿ ತರಿಸಬಹುದು. ಗುಜರಾತಿನ ಕಾಂಡ್ಲಾ ಬಂದರಿನ ವಿಶೇಷ ವಲಯದಲ್ಲಿ ಪರವಾನಗಿ ಪಡೆದ ಕೆಲವು ಘಟಕಗಳು ಇಡೀ ಬಟ್ಟೆಗಳನ್ನು ವಿಂಗಡಿಸಿ ಬೇರೆ ದೇಶಗಳಿಗೆ ಕಳಿಸುತ್ತವೆ. ಇಲ್ಲಿನ ನೇಕಾರರಿಗೂ ದರ್ಜಿಗಳಿಗೂ ಪೆಟ್ಟು ಬೀಳಬಾರದು ಎಂಬುದು ನಿಯಮದ ಹಿಂದಿನ ವಿಚಾರ. ನಿಯಮದ ಕಣ್ಣು ತಪ್ಪಿಸಿ ಇಡಿಯಾಗಿಯೇ ಬಂದ ಕೋಟು, ಸ್ವೆಟರುಗಳು ಸಂತೆಗಳಲ್ಲಿ ಸಿಗುತ್ತವೆ ಎನ್ನುವುದು ಬೇರೆ ಮಾತು.

ಆಫ್ರಿಕಾದ ಎಷ್ಟೋ ದೇಶಗಳಿಗೆ ಇಂಥ ಬೇಲಿ ಇಲ್ಲ. ಘಾನಾ ದೇಶದ ಅಕ್ರಾ ನಗರದಲ್ಲಿ ಕಾಂಟಮಾಂಟೊ ಎಂಬ ಪೇಟೆ ಇದೆ. ಅಲ್ಲಿಗೆ ವಾರಕ್ಕೆ ಸುಮಾರು 1.5 ಕೋಟಿ ಹಳೆಯ ಉಡುಪುಗಳು ಬರುತ್ತವೆಂದು ಅಲ್ಲಿ ಕೆಲಸ ಮಾಡುವ ಓರ್ ಫೌಂಡೇಶನ್ನಿನ ಅಂದಾಜು. ಒಂದೊಂದು ಬೇಲು ಹೆಚ್ಚುಕಡಿಮೆ 55 ಕಿಲೊ ತೂಗುತ್ತದೆ. ಅದನ್ನು ತಲೆಯ ಮೇಲೆ ಹೊತ್ತು ಇಕ್ಕಟ್ಟಿನ ಓಣಿಗಳಲ್ಲಿ ಸಾಗಿಸುವವರು ದೇಶದ ಉತ್ತರ ಭಾಗದಿಂದ ಹೊಟ್ಟೆಪಾಡಿಗೆ ಬಂದ ಎಳೆಯ ಹುಡುಗಿಯರು. ವ್ಯಾಪಾರಿ ಹೆಂಗಸು ಬೇಲನ್ನು ಬಿಚ್ಚದೆಯೇ ಕೊಳ್ಳಬೇಕು. ಒಳಗೆ ಒಳ್ಳೆಯದಿದ್ದರೆ ಲಾಭ, ಹರಕಲಿದ್ದರೆ ಸಾಲ. ಅಲ್ಲಿಯ ಅಕಾನ್ ಭಾಷೆಯಲ್ಲಿ ಈ ಬಟ್ಟೆಗಳಿಗೆ ಇರುವ ಹೆಸರಿನ ಅರ್ಥ 'ಸತ್ತ ಬಿಳಿಯನ ಬಟ್ಟೆ'. ಬದುಕಿರುವ ಮನುಷ್ಯ ಇಷ್ಟು ಒಳ್ಳೆಯ ಬಟ್ಟೆಯನ್ನು ಬಿಡಲಾರ, ಸತ್ತೇ ಹೋಗಿರಬೇಕು ಎಂದು ಆ ಹೆಸರು ಹುಟ್ಟಿತಂತೆ. ಪಾಣಿಪತ್ತಿನ ಹೆಣ್ಣುಮಕ್ಕಳ ತರ್ಕವೂ ಇದೇ ಅಲ್ಲವೆ? ಎರಡು ಖಂಡಗಳ ಬಡವರು ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕಂಡುಕೊಂಡಿದ್ದಾರೆ. 2025ರ ಜನವರಿ ಮೊದಲ ದಿನ ರಾತ್ರಿ ಬೆಂಕಿ ಬಿದ್ದು ಆ ಪೇಟೆಯ ಬಹುಭಾಗ ಸುಟ್ಟುಹೋಯಿತು.

ಇಷ್ಟು ಬಟ್ಟೆ ಬರುವುದು ಎಲ್ಲಿಂದ? ಬಹುಪಾಲು ದಾನದ ಡಬ್ಬಿಗಳಿಂದ. ಬ್ರಿಟನ್ನಿನಲ್ಲಿ ಆಕ್ಸ್‌ಫಾಮಿನಂಥ ಸಂಸ್ಥೆಗಳು ದಾನ ಬಂದ ಬಟ್ಟೆಯನ್ನು ಅಂಗಡಿ ಇಟ್ಟು ಮಾರಿ, ಬಂದ ಹಣವನ್ನು ಪರಿಹಾರ ಕಾರ್ಯಕ್ಕೆ ಬಳಸುವ ಪದ್ಧತಿ 1940ರ ದಶಕದಿಂದ ನಡೆದುಕೊಂಡು ಬಂದಿದೆ. ಆದರೆ ಡಬ್ಬಿಗೆ ಬೀಳುವುದೆಲ್ಲ ಅಂಗಡಿಯಲ್ಲಿ ಹೋಗುವುದಿಲ್ಲ. ಉಳಿದದ್ದು ಕಿಲೊ ಲೆಕ್ಕದಲ್ಲಿ ವ್ಯಾಪಾರಿಗಳ ಪಾಲು. ಕೊಟ್ಟವರು ದಾನ ಕೊಟ್ಟೆವೆಂದು ತಿಳಿದಿರುತ್ತಾರೆ. ಈ ಕಡೆ ಪ್ರತಿಯೊಬ್ಬರೂ ದುಡ್ಡು ಕೊಟ್ಟೇ ಕೊಂಡಿರುತ್ತಾರೆ. ಬೇಡ ಎಂದವರ ಕಥೆಯೂ ಇದೆ. ಪೂರ್ವ ಆಫ್ರಿಕಾದ ದೇಶಗಳು ತಮ್ಮ ಬಟ್ಟೆಯ ಉದ್ದಿಮೆ ಉಳಿಯಲೆಂದು ಹಳೆಯ ಬಟ್ಟೆಯ ಆಮದನ್ನು ಹಂತಹಂತವಾಗಿ ನಿಲ್ಲಿಸುವುದಾಗಿ 2016ರಲ್ಲಿ ತೀರ್ಮಾನಿಸಿದವು. ಅಮೆರಿಕ ತನ್ನ ವ್ಯಾಪಾರ ರಿಯಾಯಿತಿ ಹಿಂದೆಗೆಯುವ ಬೆದರಿಕೆ ಹಾಕಿದಾಗ ಉಳಿದವು ಹಿಂದೆ ಸರಿದವು. ಹಟ ಹಿಡಿದು ನಿಂತದ್ದು ಪುಟ್ಟ ರುವಾಂಡಾ. 2018ರಲ್ಲಿ ಆ ದೇಶದ ಉಡುಪುಗಳಿಗಿದ್ದ ಸುಂಕ ರಿಯಾಯಿತಿಯನ್ನು ಅಮೆರಿಕ ಅಮಾನತು ಮಾಡಿತು. ಉಚಿತವಾಗಿ ಕೊಟ್ಟ ದಾನವನ್ನು ಬೇಡವೆಂದದ್ದಕ್ಕೆ ಇಷ್ಟು ಸಿಟ್ಟೇಕೆ ಎಂದು ಕೇಳಿಕೊಂಡರೆ ಅದು ದಾನವೋ ವ್ಯಾಪಾರವೋ ಎನ್ನುವುದು ತಾನಾಗಿ ತಿಳಿಯುತ್ತದೆ.

ಈ ಹಿನ್ನೆಲೆ ಇಟ್ಟುಕೊಂಡು ನಮ್ಮ ಊರುಗಳಿಗೂ ಬಂದಿರುವ ಹೊಸ ಮಾತೊಂದನ್ನು ಪರೀಕ್ಷಿಸಬೇಕಾಗಿದೆ. ಕಾಲೇಜಿನ ಹುಡುಗಿಯರು ಈಗ ಹಳೆಯ ಬಟ್ಟೆಯನ್ನು 'ಥ್ರಿಫ್ಟ್' ಎನ್ನುತ್ತಾರೆ. ಫೋನಿನಲ್ಲಿಯೇ ಅಂಗಡಿ, ಫೋನಿನಲ್ಲಿಯೇ ಚೌಕಾಸಿ. ಹಳೆಯದನ್ನು ಕೊಳ್ಳುವುದು ಪರಿಸರಕ್ಕೆ ಹಿತ, ಇದೇ ನಾಳೆಯ ಫ್ಯಾಷನ್ ಎನ್ನುವುದು ಘೋಷಣೆ. ನಮ್ಮ ಕಡೆ ಬಟ್ಟೆಗೆ ಅರಿವೆ ಎನ್ನುತ್ತೇವೆ. ಹಳೆಯ ಅರಿವೆಗೆ ನಮ್ಮಲ್ಲಿದ್ದ ಹೆಸರುಗಳನ್ನು ನೋಡಿ: ಉಟ್ಟುಬಿಟ್ಟದ್ದು, ಹರಕು, ಚಿಂದಿ. ಒಂದರಲ್ಲೂ ಗೌರವದ ಸುಳಿವಿಲ್ಲ. ಹೊಸ ಹೆಸರಿನಿಂದ ಆ ಅಗೌರವ ತೊಳೆದುಹೋಗುವುದಾದರೆ ಒಳ್ಳೆಯದೇ. ಇಂಗ್ಲಿಷಿನ ಆ ಶಬ್ದಕ್ಕೆ ಅರ್ಥ ಮಿತವ್ಯಯ ಎಂಬುದನ್ನು ಮಾತ್ರ ಮರೆಯಬಾರದು.

ಘೋಷಣೆಯಲ್ಲಿ ನಿಜವಿದೆ, ಅದನ್ನು ಮೊದಲು ಒಪ್ಪೋಣ. ಒಂದು ಹತ್ತಿಯ ಅಂಗಿಯ ಹಿಂದೆ, ಹೊಲದಿಂದ ಹಿಡಿದು ಅಂಗಡಿಯವರೆಗೆ, ಸುಮಾರು 2,700 ಲೀಟರ್ ನೀರು ಖರ್ಚಾಗುತ್ತದೆಂದು ವಿಶ್ವ ವನ್ಯಜೀವಿ ನಿಧಿ ಹೇಳುತ್ತದೆ. ಎಲೆನ್ ಮ್ಯಾಕ್‌ಆರ್ಥರ್ ಪ್ರತಿಷ್ಠಾನದ 2017ರ ವರದಿಯ ಪ್ರಕಾರ, ಅದಕ್ಕೆ ಹಿಂದಿನ 15 ವರ್ಷಗಳಲ್ಲಿ ಜಗತ್ತಿನ ಬಟ್ಟೆಯ ಉತ್ಪಾದನೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಒಂದು ಬಟ್ಟೆಯನ್ನು ಬಿಡುವ ಮೊದಲು ತೊಡುವ ಸಲಗಳು ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಇಳಿದವು. ಹಳೆಯ ಬಟ್ಟೆ ಮತ್ತೆ ಹೊಸ ಬಟ್ಟೆಯಾಗುವ ಪ್ರಮಾಣ 100ಕ್ಕೆ ಒಂದೂ ಇಲ್ಲ. ಇಂಥ ಕಾಲದಲ್ಲಿ ಇರುವ ಅಂಗಿಯನ್ನು ಇನ್ನೊಬ್ಬರು ಇನ್ನೆರಡು ವರ್ಷ ತೊಟ್ಟರೆ ಖಂಡಿತ ಲಾಭವಿದೆ. ಚಿಂದಿ ಮಾಡಿ ಕಂಬಳಿ ನೇಯುವುದಕ್ಕಿಂತ, ಅಂಗಿಯನ್ನು ಅಂಗಿಯಾಗಿಯೇ ತೊಡುವುದು ಮೇಲು.

ಆದರೆ ಈ ಲಾಭಕ್ಕೆ ಒಂದು ಷರತ್ತು ಇದೆ, ಘೋಷಣೆ ಕೂಗುವವರು ಅದನ್ನು ಹೇಳುವುದಿಲ್ಲ. ಹಳೆಯದು ಬಂದಾಗ ಹೊಸದೊಂದು ಮನೆಗೆ ಬಾರದೆ ನಿಲ್ಲಬೇಕು. ಹೊಸ ಮೂರರ ಜೊತೆಗೆ ಹಳೆಯ ಎರಡೂ ಬಂದರೆ ನೀರು ಉಳಿಯುವುದೆಲ್ಲಿಂದ? ಬೇಡವಾದರೆ ಮಾರಬಹುದಲ್ಲ ಎಂಬ ಧೈರ್ಯದಿಂದಲೇ ಹೊಸದನ್ನು ಕೊಳ್ಳುವವರಿದ್ದಾರೆ. ದೊಡ್ಡ ದೊಡ್ಡ ಮಳಿಗೆಗಳು ಹಳೆಯ ಬಟ್ಟೆ ತಂದುಕೊಡಿ, ಹೊಸದರ ಬೆಲೆಯಲ್ಲಿ ರಿಯಾಯಿತಿ ಕೊಡುತ್ತೇವೆ ಎಂದು ಕರೆಯುತ್ತವೆ. ಕರೆಯಲ್ಲಿ ಪರಿಸರದ ಮಾತು, ಕೈಗೆ ಕೊಡುವುದು ಇನ್ನೊಂದು ಖರೀದಿಯ ಚೀಟಿ. ಒಬ್ಬಳು ವಿದ್ಯಾರ್ಥಿನಿ ತಿಂಗಳಿಗೆ ಹತ್ತು ಹಳೆಯ ಬಟ್ಟೆ ಕೊಂಡರೆ ಅವಳನ್ನು ಮಿತವ್ಯಯಿ ಎನ್ನಲಾದೀತೆ? ಕಪಾಟು ಎಷ್ಟು ತುಂಬಿದೆ ಎಂಬ ಪ್ರಶ್ನೆಯನ್ನು ಬಿಟ್ಟು, ಅದರೊಳಗಿನದು ಎಲ್ಲಿಂದ ಬಂತು ಎಂದು ಮಾತ್ರ ಕೇಳುವ ಪರಿಸರಪ್ರೇಮ ಅರ್ಧ ಲೆಕ್ಕದ್ದು.

ಚಿತ್ರಕ್ಕೆ ಮರಳೋಣ. 'ಅನ್‌ರಾವೆಲ್' ಹಿಂಬಾಲಿಸುವುದು ಹರಿಯಲು ಬಂದ ಬಟ್ಟೆಗಳನ್ನು. ಅವನ್ನು ಯಾರೂ ಎರಡನೆಯ ಸಲ ತೊಡುವುದಿಲ್ಲ. ಆದ್ದರಿಂದ ನಮ್ಮ ದೇಶದಲ್ಲಿ ಹಳೆಯ ಬಟ್ಟೆಗೆ ಅಂಟಿಕೊಂಡಿರುವ ಅತಿ ಕಹಿಯಾದ ಪ್ರಶ್ನೆ ಚಿತ್ರದ ಚೌಕಟ್ಟಿನ ಹೊರಗೇ ಉಳಿಯಿತು. ಇನ್ನೊಬ್ಬರು ಉಟ್ಟುಬಿಟ್ಟದ್ದನ್ನು ಉಡಬೇಕಾದವರು ಯಾರು? ಮನುಸ್ಮೃತಿಯ 10ನೆಯ ಅಧ್ಯಾಯ ಇದಕ್ಕೆ ಸಂಕೋಚವಿಲ್ಲದೆ ಉತ್ತರ ಹೇಳಿದೆ. ಸೇವೆ ಮಾಡುವ ಶೂದ್ರನಿಗೆ ಎಂಜಲು ಅನ್ನ ಮತ್ತು ಹಳೆಯ ಬಟ್ಟೆ, ಚಂಡಾಲನಿಗೆ ಹೆಣದ ಮೇಲಿನ ಬಟ್ಟೆ ಎಂದು ಅಲ್ಲಿ ವಿಧಿಸಿದೆ. ಘಾನಾದವರು ತಮಾಷೆಗೆ ಇಟ್ಟ ಹೆಸರು ನಮ್ಮಲ್ಲಿ ಶಾಸ್ತ್ರವಾಗಿತ್ತು. ಹಬ್ಬ ಹುಣ್ಣಿವೆಗೆ ಹಿತ್ತಿಲ ಬಾಗಿಲಿನಲ್ಲಿ, ಮೇಲಿನಿಂದ ಕೈಗೆ ಬೀಳುವಂತೆ ಕೊಡುತ್ತಿದ್ದ ಹಳೆಯ ಸೀರೆಯ ನೆನಪು ಎಷ್ಟೋ ಮನೆತನಗಳಲ್ಲಿ ಇನ್ನೂ ಆರಿಲ್ಲ. ತಲೆಮಾರುಗಳ ಕಾಲ ಆಯ್ಕೆಯೇ ಇಲ್ಲದೆ ಹಳೆಯದನ್ನು ಉಟ್ಟವರ ಮೊಮ್ಮಗಳು ಮೊದಲ ಸಂಬಳದಲ್ಲಿ ಮಡಿಕೆ ಮುರಿಯದ ಹೊಸ ಸೀರೆ ಕೊಂಡರೆ, ಪರಿಸರದ ಹೆಸರಿನಲ್ಲಿ ಅವಳಿಗೆ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ.

ತರಗತಿಯಲ್ಲಿ ಇದು ಹೇಗೆ ಕಾಣುತ್ತದೆ ಎನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ಶಾಲೆಯ ಸ್ನೇಹಸಮ್ಮೇಳನದ ದಿನ ಸಮವಸ್ತ್ರ ಇರುವುದಿಲ್ಲ. 6ನೆಯ ತರಗತಿಯ ಹುಡುಗಿಯೊಬ್ಬಳು ಜರಿಯ ಅಂಚಿನ ಫ್ರಾಕು ಹಾಕಿಕೊಂಡು ಬಂದಿದ್ದಳು. ಅವಳ ತಾಯಿ ನಾಲ್ಕು ಮನೆಗಳ ಕೆಲಸ ಮಾಡುವವಳು. ಪಕ್ಕದ ಹುಡುಗಿ ಎದ್ದುನಿಂತು, "ಅಕ್ಕೋರ, ಆಕಿ ಹಾಕ್ಕೊಂಡಿದ್ದು ನಂದು ಫ್ರಾಕ್ ರೀ, ನಮ್ಮವ್ವ ಕೊಟ್ಟಾಳ," ಎಂದಳು. ಹೇಳಿದವಳಲ್ಲಿ ಕುಹಕವಿರಲಿಲ್ಲ, ಗುರುತು ಹಿಡಿದ ಖುಷಿಯಷ್ಟೇ ಇತ್ತು. ಕೇಳಿದವಳು ಮಾತ್ರ ನೃತ್ಯಕ್ಕೆ ಬರಲಿಲ್ಲ, ಹೊಟ್ಟೆನೋವು ಎಂದು ಮನೆಗೆ ಹೋದಳು. ಮರುದಿನ ಸಮವಸ್ತ್ರದಲ್ಲಿ ಬಂದಾಗ ಅವಳ ಮುಖ ಮೊದಲಿನಂತಿತ್ತು. ಸರ್ಕಾರ ಕೊಡುವ ಸಮವಸ್ತ್ರದ ಬಟ್ಟೆಯ ಗುಣದ ಬಗ್ಗೆ ದೂರುಗಳಿವೆ, ಇರಲಿ. ಅದರ ಮೇಲೆ ಇನ್ನೊಬ್ಬರ ಹೆಸರಿರುವುದಿಲ್ಲ. ಅದೇ ಫ್ರಾಕನ್ನು ಪಟ್ಟಣದ ಶ್ರೀಮಂತ ಹುಡುಗಿ ಫೋನಿನಲ್ಲಿ ಹುಡುಕಿ ಕೊಂಡಿದ್ದರೆ ಅದು ಅವಳ ಅಭಿರುಚಿ ಎನಿಸಿಕೊಳ್ಳುತ್ತಿತ್ತು. ಬಟ್ಟೆ ಒಂದೇ. ಒಬ್ಬಳಿಗೆ ಬೇಡ ಎನ್ನುವ ಅವಕಾಶವಿತ್ತು, ಇನ್ನೊಬ್ಬಳಿಗೆ ಇರಲಿಲ್ಲ.

ಈ ವಿಷಯ 100 ವರ್ಷಗಳ ಹಿಂದೆ ನಮ್ಮ ದೇಶದ ಇಬ್ಬರು ದೊಡ್ಡವರ ನಡುವೆ ಚರ್ಚೆಗೆ ಬಂದಿತ್ತು. 1921ರ ಜುಲೈ 31ರಂದು ಮುಂಬಯಿಯಲ್ಲಿ ಗಾಂಧೀಜಿ ವಿದೇಶಿ ಬಟ್ಟೆಗಳ ರಾಶಿಗೆ ಬೆಂಕಿ ಹಚ್ಚಿದರು. ಮೈಮುಚ್ಚಲು ಬಟ್ಟೆಯಿಲ್ಲದ ಜನರ ನಾಡಿನಲ್ಲಿ ಬಟ್ಟೆ ಸುಡುವುದು ಯಾವ ನ್ಯಾಯ ಎಂದು ರವೀಂದ್ರನಾಥ ಠಾಕೂರರಿಗೂ ಸಿ. ಎಫ್. ಆಂಡ್ರೂಸರಿಗೂ ನೋವಾಯಿತು. ಬಡವರಿಗೆ ಕೊಡಬಹುದಿತ್ತಲ್ಲ ಎನ್ನುವುದು ಸಹಜವಾದ ಮಾತು. ಆ ವರ್ಷದ ಅಕ್ಟೋಬರಿನಲ್ಲಿ ಠಾಕೂರರಿಗೆ ಬರೆದ ಉತ್ತರದಲ್ಲಿ ಗಾಂಧೀಜಿ ಹೇಳಿದ್ದರ ಸಾರ ಇದು: ಬೆತ್ತಲೆ ಇರುವವನಿಗೆ ಬೇಕಾಗಿರುವುದು ಕೆಲಸ, ಅದನ್ನು ಕೊಡದೆ ನಮ್ಮ ಬಟ್ಟೆ ಕೊಡುವುದು ಅವನಿಗೆ ಮಾಡುವ ಅಪಮಾನ. ಬಟ್ಟೆ ಸುಡುವುದನ್ನು ಒಪ್ಪಲು ನನಗೆ ಇಂದಿಗೂ ಕಷ್ಟ. ಠಾಕೂರರ ನೋವು ನಿಜವಾದದ್ದು. ಆದರೆ ಬಡವನಿಗೂ ಮಾನವಿದೆ, ನಮಗೆ ಬೇಡವಾದದ್ದು ಅವನಿಗೆ ಬೇಕೇಬೇಕು ಎಂದು ನಾವು ತೀರ್ಮಾನಿಸುವಂತಿಲ್ಲ ಎಂಬ ಗಾಂಧೀಜಿಯ ಮಾತನ್ನು ಹಳೆಯ ಬಟ್ಟೆಯ ಯಾವ ಚರ್ಚೆಯೂ ಬದಿಗಿಡಲಾಗದು.

ಇದನ್ನು ಕಾರ್ಯರೂಪಕ್ಕೆ ತಂದವರು ಒಬ್ಬರಿದ್ದಾರೆ. ಅಂಶು ಗುಪ್ತಾ 1999ರಲ್ಲಿ ದೆಹಲಿಯಲ್ಲಿ ಆರಂಭಿಸಿದ 'ಗೂಂಜ್' ಸಂಸ್ಥೆ ಪಟ್ಟಣಗಳ ಹಳೆಯ ಬಟ್ಟೆಯನ್ನು ವಿಂಗಡಿಸಿ, ದುರಸ್ತಿ ಮಾಡಿ ಹಳ್ಳಿಗಳಿಗೆ ಒಯ್ಯುತ್ತದೆ. ಅಲ್ಲಿ ಜನ ತಮಗೆ ಬೇಕಾದ ಬಾವಿಯನ್ನೋ ದಾರಿಯನ್ನೋ ತಾವೇ ಸೇರಿ ಮಾಡಿಕೊಳ್ಳುತ್ತಾರೆ. ಬಟ್ಟೆ ಆ ದುಡಿಮೆಯ ಪ್ರತಿಫಲವಾಗಿ ಬರುತ್ತದೆ. ಉಡಲಾಗದ ಹತ್ತಿ ಬಟ್ಟೆ ಮುಟ್ಟಿನ ದಿನಗಳ ಪ್ಯಾಡು ಆಗುತ್ತದೆ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ದಾನಿಗಳು ಸುರಿದುಹೋದ ಬಟ್ಟೆ ರಸ್ತೆಬದಿ ರಾಶಿ ಬಿದ್ದಿತ್ತು. ಅದನ್ನು ಎತ್ತಿಕೊಂಡು ಹೋಗಿ ಉಪಯೋಗಕ್ಕೆ ತಂದದ್ದೂ ಇದೇ ಸಂಸ್ಥೆ. ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಂಥ ರಾಶಿಗಳನ್ನು ನಾವೂ ಕಂಡಿದ್ದೇವೆ. 2019ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕಕ್ಕೆ ನೆರೆ ಬಂದು ಶಾಲೆಗಳೆಲ್ಲ ಪರಿಹಾರ ಕೇಂದ್ರಗಳಾದಾಗ, ವರಾಂಡದಲ್ಲಿ ಬಿದ್ದ ಗಂಟುಗಳನ್ನು ಬಿಚ್ಚುವ ಕೆಲಸ ಶಿಕ್ಷಕಿಯರ ಪಾಲಿಗೆ ಬಂದಿತ್ತು. ನೂಲಿನ ಸೀರೆ, ಟವೆಲು, ಮಕ್ಕಳ ಅಂಗಿ ಗಳಿಗೆಯಲ್ಲಿ ಖಾಲಿ. ಮಿಂಚುವ ಮದುವೆಮನೆಯ ಬಟ್ಟೆ, ಒಂಟಿ ಸಲ್ವಾರು, ಗುಂಡಿ ಇಲ್ಲದ ಶರ್ಟು ಕೊನೆತನಕ ಬಿದ್ದಿದ್ದವು. ಸೂರು ಕಳೆದುಕೊಂಡ ಹೆಂಗಸರೂ ರಾಶಿಯ ಮುಂದೆ ನಿಂತು ಬೇಡದ್ದನ್ನು ಬಿಟ್ಟು ಬೇಕಾದದ್ದನ್ನೇ ಆರಿಸಿದರು. ಅವರನ್ನು ಕಂಡು "ಕೊಟ್ಟಿದ್ದ ತಗೊಳ್ಳೋದ ಬಿಟ್ಟು" ಎಂದು ಗೊಣಗಿದವರೂ ಇದ್ದರು.

ಹಳೆಯದರ ಮರುಬಳಕೆ ನಮಗೆ ಹೊರಗಿನಿಂದ ಬರಬೇಕಾದ ಪಾಠವೇನಲ್ಲ. ಹಳೆ ಅರಿವೆಗೆ ಭಾಂಡೆ ಕೊಡುತ್ತೇವೆಂದು ಬೀದಿಯಲ್ಲಿ ಕೂಗುತ್ತ ಬರುತ್ತಿದ್ದ ಹೆಂಗಸರು ನಮ್ಮ ತಾಯಂದಿರ ಕಾಲದ ದೊಡ್ಡ ವ್ಯಾಪಾರಸ್ಥರು. ನಾಲ್ಕು ಪ್ಯಾಂಟಿಗೆ ಒಂದು ಸ್ಟೀಲು ಡಬ್ಬಿ, ಮೇಲೆ ಒಂದು ಸೀರೆ ಹಾಕಿದರೆ ಮುಚ್ಚಳ ಎಂದು ಗಂಟೆಗಟ್ಟಲೆ ಚೌಕಾಸಿ ನಡೆಯುತ್ತಿತ್ತು. ದೆಹಲಿಯಲ್ಲಿ ಈ ಕಸುಬಿನ ವಾಘ್ರಿ ಸಮುದಾಯವನ್ನು ಅಧ್ಯಯನ ಮಾಡಿ ಲೂಸಿ ನಾರಿಸ್ ಎಂಬ ಮಾನವಶಾಸ್ತ್ರಜ್ಞೆ 2010ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಮನೆಯೊಳಗೆ ಉಳಿದ ಹಳೆಯ ಸೀರೆ, ಧೋತರಗಳು ಕೌದಿಯಾಗುತ್ತಿದ್ದವು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಇನ್ನೂ ವಿಶಿಷ್ಟ. ಒಂದು ಮೂಲೆಯಿಂದ ಹೊಲಿಗೆ ಹಿಡಿದು ಅಂಚಿನ ಸುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ ತ್ರಿಕೋನಗಳನ್ನು ಇಡುತ್ತಾರೆ. ಅದಕ್ಕೆ 'ಫೂಲ', ಹೂವು, ಎಂದು ಹೆಸರು. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಇದನ್ನು ನೆನೆದು ಹಿಂದಿನದೆಲ್ಲ ಸುವರ್ಣಯುಗ ಎನ್ನುವಂತಿಲ್ಲ. ಕೌದಿ ಹುಟ್ಟಿದ್ದು ಚಳಿಯಿಂದ ಮತ್ತು ಕೈಯಲ್ಲಿ ಕಾಸಿಲ್ಲದ್ದರಿಂದ. ಆದರೂ ಆ ಕಷ್ಟದ ಒಳಗೆ ಹೂವಿಡುವಷ್ಟು ಸ್ವಾತಂತ್ರ್ಯವನ್ನು ಆ ಕೈಗಳು ಉಳಿಸಿಕೊಂಡವು.

ಕೌದಿ ಇನ್ನೊಂದು ಸಂಗತಿಯನ್ನೂ ಕಲಿಸುತ್ತದೆ. ಉಟ್ಟು ಒಗೆದು ಹತ್ತಿಪ್ಪತ್ತು ವರ್ಷ ಸವೆದ ನೂಲಿನ ಸೀರೆ ಮೆತ್ತಗಾಗುತ್ತದೆ. ಅದಕ್ಕೇ ಹಸುಗೂಸಿಗೆ ಮೊದಲು ಸುತ್ತುವುದು ಹಳೆಯ ಅರಿವೆಯನ್ನು. ಪಾಲಿಯೆಸ್ಟರು ಹಾಗಲ್ಲ. ಅದು ಸವೆದು ಮೆತ್ತಗಾಗುವುದಿಲ್ಲ, ಬೆವರು ಹೀರುವುದಿಲ್ಲ, ಮಣ್ಣಿನಲ್ಲಿ ಹಾಕಿದರೆ ಕರಗುವುದೂ ಇಲ್ಲ. ಇಂದು ಜಗತ್ತಿನಲ್ಲಿ ತಯಾರಾಗುವ ಬಟ್ಟೆಯ ಎಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರೇ. ಒಂದು ಬಟ್ಟೆಗೆ ಎರಡನೆಯ ಬಾಳು ಇದೆಯೋ ಇಲ್ಲವೋ ಎನ್ನುವುದು ಅದನ್ನು ನೇಯುವಾಗಲೇ ತೀರ್ಮಾನವಾಗಿರುತ್ತದೆ. ಮೂರು ಒಗೆತಕ್ಕೆ ಹೊಲಿಗೆ ಬಿಡುವ ಅಂಗಿಯನ್ನು ಎಷ್ಟು ಕೈ ದಾಟಿಸಿದರೂ ಪ್ರಯೋಜನವಿಲ್ಲ. ಕಾಂಟಮಾಂಟೊದ ವ್ಯಾಪಾರಿಗಳೂ ಬರಬರುತ್ತ ಬೇಲಿನೊಳಗಿನ ಬಟ್ಟೆಯ ಗುಣ ಇಳಿಯುತ್ತಿದೆ ಎಂದು ದೂರುತ್ತಾರೆ. ಹೊಸ ಬಟ್ಟೆಯ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಹಳೆಯ ಬಟ್ಟೆಯ ಅಂಗಡಿಯಲ್ಲಿ ಕೇಳಿ ಉಪಯೋಗವಿಲ್ಲ.

ಕೊನೆಯದಾಗಿ, ಹೊಲಿದವರ ಮಾತು. ಪಾಣಿಪತ್ತಿನ ರಾಶಿಯಲ್ಲಿ ಬಿದ್ದ ಯಾವುದೋ ಶರ್ಟು ಬೆಂಗಳೂರಿನ ಪೀಣ್ಯದಲ್ಲಿಯೋ ಬೊಮ್ಮಸಂದ್ರದಲ್ಲಿಯೋ ಹೊಲಿದದ್ದಾಗಿರಬಹುದು. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ಜನ ದುಡಿಯುತ್ತಾರೆ, ಹೆಚ್ಚಿನವರು ಹೆಂಗಸರು, ನಮ್ಮ ಹಳ್ಳಿಗಳಿಂದ ಹೋದವರು. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ತಮ್ಮದೇ ಹಣವನ್ನು 58 ವರ್ಷದವರೆಗೆ ಪೂರ್ತಿ ಹಿಂದೆಗೆಯುವಂತಿಲ್ಲ ಎಂಬ ನಿಯಮ ಬಂದಾಗ ಇವರು ಸಾವಿರಸಾವಿರವಾಗಿ ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಇದಕ್ಕೆ ಮೂರು ವರ್ಷ ಮೊದಲು, 2013ರ ಏಪ್ರಿಲ್ 24ರಂದು, ಢಾಕಾ ಬಳಿಯ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳಷ್ಟು ಜನ ಹೊಲಿಗೆ ಕೆಲಸದವರು. ಎಲ್ಲರೂ ಹಳೆಯದನ್ನೇ ತೊಟ್ಟರೆ ಈ ಹೆಣ್ಣುಮಕ್ಕಳ ಗತಿಯೇನು ಎಂಬ ಪ್ರಶ್ನೆ ಏಳುತ್ತದೆ. ಅದನ್ನು ತಳ್ಳಿಹಾಕುವಂತಿಲ್ಲ. ಬಟ್ಟೆಯ ಸಂಖ್ಯೆ ಇಳಿಯಬೇಕು, ಒಂದೊಂದರ ಬೆಲೆಯಲ್ಲಿ ಹೊಲಿದವಳ ಪಾಲು ಏರಬೇಕು. ಎರಡೂ ಒಟ್ಟಿಗೆ ಆಗದೆ ಇದಕ್ಕೆ ಪರಿಹಾರ ಕಾಣದು. ಅಗ್ಗದ ಬಟ್ಟೆ ಅಗ್ಗವಾಗಿರುವುದು ಇವಳ ಸಂಬಳ ಅಗ್ಗವಾಗಿರುವುದರಿಂದ. ಆ ಅಗ್ಗದಿಂದಲೇ ಅದನ್ನು ಎಸೆಯುವುದೂ ಸುಲಭವಾಗಿದೆ. ಹಳೆಯ ಬಟ್ಟೆಯ ಘೋಷಣೆಯಲ್ಲಿ ಕೊಳ್ಳುವವಳಿದ್ದಾಳೆ, ಭೂಮಿ ಇದೆ, ನೀರಿದೆ. ಹೊಲಿದವಳ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ.

'ಅನ್‌ರಾವೆಲ್' ಸಣ್ಣ ಚಿತ್ರ. ಎಲ್ಲವನ್ನೂ ಅದೇ ಹೇಳಬೇಕೆಂದು ಕೇಳುವುದು ಅನ್ಯಾಯ. ತೊಟ್ಟವರು ಮತ್ತು ಹರಿಯುವವರು ಎಂಬ ಎರಡು ತುದಿಗಳನ್ನು ಹಿಡಿದು ಅದು ಪ್ರಾಮಾಣಿಕವಾಗಿ ಕಟ್ಟಿಕೊಟ್ಟಿದೆ. ನೇಯ್ದವರು, ಹೊಲಿದವರು, ಬೇರೆ ದಾರಿಯಿಲ್ಲದೆ ಉಟ್ಟವರು, ಈ ಉಳಿದ ಎಳೆಗಳನ್ನು ನೋಡುವವರೇ ಸೇರಿಸಿಕೊಳ್ಳಬೇಕು. ಪ್ರೌಢಶಾಲೆಯ ಮಕ್ಕಳಿಗೆ ಒಂದು ಪಿರಿಯಡ್ಡಿನಲ್ಲಿ ತೋರಿಸಿ, ಇನ್ನೊಂದು ಪಿರಿಯಡ್ಡು ಮಾತಾಡಿಸಲು ಇದಕ್ಕಿಂತ ಒಳ್ಳೆಯ ಚಿತ್ರ ಸಿಗುವುದು ಕಷ್ಟ.

ಹಳೆಯ ಬಟ್ಟೆ ಕೊಳ್ಳುವ ಹುಡುಗಿಯರನ್ನು ನಿರುತ್ಸಾಹಗೊಳಿಸುವುದು ಇಲ್ಲಿನ ಉದ್ದೇಶವಲ್ಲ. ಕೊಳ್ಳಲಿ, ಸಂಕೋಚವಿಲ್ಲದೆ ತೊಡಲಿ. ಇನ್ನೊಬ್ಬರು ತೊಟ್ಟದ್ದು ಮೈಲಿಗೆ ಎಂಬ ಹಳೆಯ ಭಾವನೆಯನ್ನು ಅವರು ಮುರಿಯುತ್ತಿದ್ದಾರೆ, ಅದು ಸಣ್ಣ ಕೆಲಸವೇನಲ್ಲ. ಕೊಂಡದ್ದನ್ನು ಸವೆಯುವ ತನಕ ತೊಡಲಿ, ಕಿತ್ತ ಗುಂಡಿಯನ್ನು ತಾವೇ ಹಚ್ಚಿಕೊಳ್ಳಲು ಕಲಿಯಲಿ. ಮನೆಗೆಲಸದವಳಿಗೆ ಹಳೆಯ ಬಟ್ಟೆ ಕೊಡುವ ತಾಯಂದಿರು ಮೊದಲು "ಬೇಕೇನವಾ?" ಎಂದು ಕೇಳಲಿ, ಬೇಡ ಎಂದರೆ ಮುಖ ಗಂಟಿಕ್ಕದಿರಲಿ. ಆ ತಿಂಗಳ ಪಗಾರವನ್ನು ಬಟ್ಟೆಯ ಲೆಕ್ಕ ಹಿಡಿಯದೆ ಪೂರ್ತಿ ಎಣಿಸಿ ಕೊಡಲಿ.